ಮೇಣದ ಮನೆಯಲ್ಲಿ ಕೂತ ಅಪ್ಪ

ಚಾಮರಾಜನಗರದಿಂದ ಬೆಳಿಗ್ಗೆ ಏಳೂವರೆಗೆ ಹೊರಡುವ ತಾಳವಾಡಿ ಬಸ್ಸನ್ನು ನಾನು ಹತ್ತಿದ್ದು ಅಪ್ಪನನ್ನು ನೋಡುವುದಕ್ಕೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಇದನ್ನು ಓದಿ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ತಲೆ ಕೆಟ್ಟಿದ್ದೇನೋ ನಿಜ, ಆದರೆ ಅದಕ್ಕೆ ಕಾರಣವಿತ್ತು.

ಮೂರು ದಿನದ ಹಿಂದೆ ತವರೂರಿನ ನಾಗಮಣಿ ಫೋನ್ ಮಾಡಿದ್ದಳು. ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತು ಓದಿದವಳು. ತಾಳಮಲೆ ದಾರಿಯಲ್ಲಿ ಯಾರೋ ಕೊಯಮತ್ತೂರಿನವರು ರೆಸಾರ್ಟಿನ ಜೊತೆಗೆ ದೆವ್ವಗಳ ಮೇಣದ ಮ್ಯೂಸಿಯಂ ತೆರೆದಿದ್ದಾರಂತೆ. ಇವಳು ಸಂಘದ ಹೆಂಗಸರ ಜೊತೆ ವ್ಯಾನ್ ಮಾಡಿಕೊಂಡು ನೋಡಲು ಹೋಗಿದ್ದಳಂತೆ. "ಗೌರಿ, ಕ್ವಾಪ ಮಾಡ್ಕಬ್ಯಾಡ ಕಣೆ," ಅಂದಳು. "ಅಲ್ಲಿ ದೆವ್ವಗಳ ಸಾಲಲ್ಲಿ ನಿಮ್ಮಪ್ಪ ಕುಂತವ್ರೆ. ನೋಡ್ಬುಟ್ಟು ಬಂದ್ಮ್ಯಾಲೆ ನಂಗೆ ಅನ್ನ ಸೇರ್ನಿಲ್ಲ."

ನನಗೂ ಸೇರಲಿಲ್ಲ. ಮದುವೆ ಕಾಲ, ಹನ್ನೊಂದು ರವಿಕೆ ಹೊಲಿದು ಕೊಡಬೇಕಿತ್ತು. ಗಿರಾಕಿಗಳು ಶಾಪ ಹಾಕಿಕೊಳ್ಳಲಿ ಎಂದು ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದೆ. ಅಪ್ಪನನ್ನು ಅಲ್ಲಿಂದ ಎಬ್ಬಿಸಿಯೇ ವಾಪಸ್ಸು ಬರುವುದು ಎಂದು ತೀರ್ಮಾನ ಮಾಡಿಕೊಂಡೆ.

ಟಿಕೆಟ್ಟಿಗೆ ಮೂವತ್ತೆಂಟು ರೂಪಾಯಿ, ಹೊತ್ತು ಒಂದು ಗಂಟೆಯ ಮೇಲೆ. ಡಿಸೆಂಬರಿನ ಮಂಜು ಅರಿಸಿನದ ಹೊಲಗಳ ಮೇಲೆ ಇನ್ನೂ ಕೂತೇ ಇತ್ತು. ಗಡಿ ದಾಟಿದ್ದು ಬೋರ್ಡಿನ ಅಕ್ಷರ ತಮಿಳಾದಾಗಲೇ ಗೊತ್ತಾಗಿದ್ದು. ಬಸ್ಸಿನೊಳಗಿನ ಮಾತು ಹಾಗೇ ಇತ್ತು. ಹಿಂದಿನ ಸೀಟಿನಲ್ಲಿ ಒಬ್ಬರು ಎಲೆಕೋಸಿನ ರೇಟು ಬಿದ್ದುಹೋದದ್ದಕ್ಕೆ ಎರಡೂ ರಾಜ್ಯಗಳನ್ನು ಸಮವಾಗಿ ಬೈಯುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೂ ದನಿಗೂಡಿಸುತ್ತಿದ್ದೆ.

ತಾಳವಾಡಿಯಲ್ಲಿ ಇಳಿದು ಒಂದು ಟೀ ಕುಡಿದು, ನಮ್ಮೂರಿನ ಶೇರ್ ಆಟೋ ಹಿಡಿದೆ. ನಮ್ಮೂರು ತಾಳಮಲೆ ದಾರಿಯಲ್ಲೇ ಇದೆ. ಆಟೋದವನು ಅರ್ಧ ದಾರಿಯಲ್ಲಿ, "ಅಕ್ಕ, ಪೇಯ್ ಮನೆಗಾ?" ಎಂದು ಕೇಳಿದ. ಪೇಯ್ ಎಂದರೆ ದೆವ್ವ. ಈಗ ಬ್ಯಾಗು ಹಿಡಿದು ಆ ಕಡೆ ಹೋಗುವವರೆಲ್ಲ ಅಲ್ಲಿಗೇ ಹೋಗುವವರಂತೆ. "ತವರುಮನೆಗೆ," ಎಂದೆ.

ಮನೆಯಲ್ಲಿ ತಮ್ಮ ಸಿದ್ದಮಲ್ಲಪ್ಪ ಜಗುಲಿಯಲ್ಲಿ ಕೂತು ಸ್ಪ್ರೇ ಕ್ಯಾನು ರಿಪೇರಿ ಮಾಡುತ್ತಿದ್ದ. ವಿಷಯ ಹೇಳಿದೆ. ತಲೆ ಎತ್ತಲಿಲ್ಲ. "ನಂಗೆ ಒಲದಲ್ಲಿ ಕೆಲ್ಸ ಅದೆ ಕಣಕ್ಕ. ನೀನೇ ಓಗಿ ನೋಡು," ಅಂದ. ಹೆತ್ತ ಅಪ್ಪನನ್ನು ದೆವ್ವ ಮಾಡಿ ಕೂರಿಸಿದರೂ ಇವನಿಗೆ ಕ್ಯಾನಿನ ವಾಷರೇ ಹೆಚ್ಚಾಯಿತಲ್ಲ ಎಂದು ಮೈ ಉರಿಯಿತು.

ನಡುಮನೆಯ ಗೋಡೆಯಲ್ಲಿ ಅಪ್ಪನ ಫೋಟೋ ಇತ್ತು. ನಮ್ಮ ಕಡೆಯವರಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದೂ ಇಲ್ಲ. ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ, ತೋಳಿಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಎಡಗೈಯಲ್ಲಿ ಅವರ ಇಷ್ಟಲಿಂಗ ಇಡುತ್ತೇವೆ. ಮಣ್ಣಿಗೂ ಹಾಗೇ ಕೂತೇ ಹೋಗುತ್ತಾರೆ. ಅದಕ್ಕೂ ಮುಂಚೆ ಸ್ಟುಡಿಯೋದವನನ್ನು ಕರೆಸಿ ಫೋಟೋ ತೆಗೆಸುತ್ತೇವೆ. ಅಪ್ಪ ಬದುಕಿದ್ದಾಗ ಕ್ಯಾಮೆರಾ ಕಂಡರೆ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಆಧಾರ್ ಕಾರ್ಡಿನಲ್ಲಿ ಕಳ್ಳನ ಹಾಗೆ ಬಿದ್ದಿದ್ದ. ಚೆನ್ನಾಗಿ ಬಂದದ್ದು ಸತ್ತ ದಿನ ಕೂರಿಸಿ ತೆಗೆಸಿದ ಈ ಗೋಡೆಯ ಫೋಟೋ ಒಂದೇ. ಅದರ ಕೆಳಗೇ ಕೂತು ನಾವು ಊಟ ಮಾಡುತ್ತೇವೆ, ಬೀಗರನ್ನು ಕೂರಿಸುತ್ತೇವೆ. ಯಾರಿಗೂ ಹೆದರಿಕೆಯಾದದ್ದು ನನಗೆ ಗೊತ್ತಿಲ್ಲ.

ಅಮ್ಮನಿಗೆ ಹೇಳದೆ ಹೊರಡಬೇಕೆಂದಿದ್ದೆ. ಅಮ್ಮನ ಹೆಸರು ಪುಟ್ಟಮ್ಮಣ್ಣಿ, ಎಪ್ಪತ್ತಮೂರು ವಯಸ್ಸು, ಕಿವಿ ಇನ್ನೂ ಚುರುಕು. ನೋಡಿದರೆ ಒಗೆದ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾಗಮಣಿ ನಂಗೂ ಯೋಳವ್ಳೆ. ನಡಿ, ಬಸ್ಸು ಬತ್ತದೆ."

"ಅಲ್ಲಿ ನೋಡೋ ಅಂಥಾದ್ದು ಏನೂ ಇಲ್ಲ ಕಣಮ್ಮ."

"ನಮ್ಮನೆಯವ್ರು ಇರೂವಾಗ ಏನೂ ಇಲ್ಲ ಅಂದ್ರೆ ಎಂಗೆ?"

ಸತ್ಯಮಂಗಲದ ಬಸ್ಸು ಹತ್ತೂಮುಕ್ಕಾಲಿಗೆ ಬಂತು. ದಾರಿಯಲ್ಲಿ ಆನೆ ದಾಟುತ್ತಿದೆ ಎಂದು ಇಪ್ಪತ್ತು ನಿಮಿಷ ನಿಲ್ಲಿಸಿದರು. ಅಮ್ಮ ಚೀಲದಿಂದ ಬಾಳೆಹಣ್ಣು ತೆಗೆದು ಪಕ್ಕದವರಿಗೂ ಕೊಟ್ಟಳು. ಯಾವುದೋ ನೆಂಟರ ಮನೆಗೆ ಹೊರಟವಳಂತೆ ಇದ್ದಳು. ನನಗೆ ಅವಳ ಮೇಲೂ ಸಿಟ್ಟು ಬರತೊಡಗಿತು.

ಮ್ಯೂಸಿಯಂ ರಸ್ತೆಯ ಪಕ್ಕದಲ್ಲೇ ಇತ್ತು. ತಗಡಿನ ಶೆಡ್ಡು, ಅದಕ್ಕೆ ಕಲ್ಲುಗೋಡೆಯ ಚಿತ್ರ ಬರೆಸಿದ್ದರು. ಒಬ್ಬರಿಗೆ ನೂರೈವತ್ತು, ಹಿರಿಯರಿಗೆ ಅರ್ಧ. ನಮ್ಮಪ್ಪನನ್ನು ನೋಡಲು ನಾನು ಟಿಕೆಟ್ಟು ಕೊಂಡೆ, ನೋಡಿ. ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಟ್ಟಳು. ಹಾಕಿಕೊಂಡೇ ಹೋಗಬಹುದು ಎಂದು ಟಿಕೆಟ್ಟಿನವನು ತಮಿಳಿನಲ್ಲಿ ಹೇಳಿದ. "ಸತ್ತೋರು ಕುಂತಿರೋ ಮನೆಗೆ ಮೆಟ್ಟು ಆಕ್ಕೊಂಡು ಓದಾರಾ?" ಎಂದಳು ಅಮ್ಮ. ಅವನು ನಕ್ಕ.

ಒಳಗೆ ಎಸಿ, ಕತ್ತಲೆ, ಕೆಂಪು ದೀಪ. ಮೊದಲು ಕೋರೆಹಲ್ಲಿನ ದೊರೆಯೊಬ್ಬ, ಆಮೇಲೆ ಬಾವಿಯಿಂದ ಏಳುವ ಹೆಂಗಸು, ರುಂಡ ಕಂಕುಳಲ್ಲಿಟ್ಟ ಸಿಪಾಯಿ. ಎಲ್ಲ ಯಾವುದೋ ದೇಶದ ದೆವ್ವಗಳು, ನಮಗೆ ಸಂಬಂಧವಿಲ್ಲದವು. ಐದನೆಯ ಕೋಣೆಯಲ್ಲಿ ಅಪ್ಪ ಕೂತಿದ್ದ.

ತಮಿಳಿನಲ್ಲಿ 'ಕೂತ ಹೆಣ' ಎಂದು ಬೋರ್ಡು. ಪಂಚೆ ಅದೇ, ಹಾರ ಅದೇ, ತೋಳಿನ ಮೇಲೆ ಮೂರು ಬೆರಳಿನ ವಿಭೂತಿ ಅದೇ. ಎಡಗೈಯಲ್ಲಿ ಲಿಂಗ. ಆದರೆ ನಾವು ಮುಚ್ಚಿದ್ದ ಕಣ್ಣನ್ನು ಇವರು ತೆರೆದಿದ್ದರು, ಒಳಗೆ ಕೆಂಪು ಬಲ್ಬು. ಎರಡು ನಿಮಿಷಕ್ಕೊಮ್ಮೆ ಕತ್ತು ಮೇಲೆದ್ದು, ಎಲ್ಲಿಂದಲೋ ಒಂದು ನಗು ಬರುತ್ತಿತ್ತು. ಅಪ್ಪ ಆ ಥರ ನಕ್ಕವನೇ ಅಲ್ಲ. ಮುಂದೆ ಅಡ್ಡ ಕಟ್ಟಿದ್ದ ಹಗ್ಗ ಹಿಡಿದುಕೊಂಡೆ. ಥೂ, ಇವರ ಮನೆ ಹಾಳಾಗ ಎಂದು ಗಟ್ಟಿಯಾಗೇ ಅಂದೆ.

ಅಮ್ಮ ಹಗ್ಗದ ಈಚೆ ನೆಲದ ಮೇಲೆ ಕೂತಳು. ತುಂಬಾ ಹೊತ್ತು ನೋಡಿದಳು.

"ಕಿವಿ ಅವರ್ದೇಯ," ಎಂದಳು. "ಮೂಗೂ ಅವರ್ದೇಯ. ಮಾಡ್ದೋನು ಕೈ ಚೆಂದಾಗದೆ."

"ಏನಮ್ಮ ನೀನು? ದೆವ್ವ ಮಾಡಿ ಕೂರಿಸವ್ರೆ!"

"ಕಣ್ಣು ಒಂದು ಕೆಡ್ಸವ್ರೆ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ಅರಿಸಿನ ಈ ಸಲ ಚೆನ್ನಾಗಿ ಬಂದಿರುವುದನ್ನೂ, ಕೆಂದ ಹಸು ಗಬ್ಬವಾಗಿರುವುದನ್ನೂ ಮೆಲ್ಲಗೆ ಹೇಳತೊಡಗಿದಳು. ನಡುವೆ ಅವನ ಕತ್ತು ಎದ್ದರೆ ಸುಮ್ಮನಾಗಿ, ನಗು ನಿಂತ ಮೇಲೆ ಮುಂದುವರಿಸುತ್ತಿದ್ದಳು.

ಹಿಂದಿನಿಂದ ಕಾಲೇಜು ಹುಡುಗಿಯರ ಗುಂಪು ಬಂತು. ಒಬ್ಬಳು ಅಪ್ಪನನ್ನು ಕಂಡು ಕಿಟಾರನೆ ಕಿರುಚಿ ಗೋಡೆಗೆ ಅಂಟಿಕೊಂಡಳು. ಅಮ್ಮ ಎದ್ದು ಹೋಗಿ ಅವಳ ಬೆನ್ನು ಸವರಿದಳು. "ಎದ್ರುಕಬ್ಯಾಡ ಕಣವ್ವ. ಅವ್ರು ನಮ್ಮನೆಯವ್ರು. ಯಾರ್ಗೂ ಏನೂ ಮಾಡೋರಲ್ಲ." ಆ ಹುಡುಗಿ ಅಮ್ಮನನ್ನು ನೋಡಿ ಇನ್ನೂ ಜೋರಾಗಿ ಕಿರುಚಿದಳು. ಅಮ್ಮನೂ ಒಂದು ಬೊಂಬೆ ಎಂದುಕೊಂಡಳೋ ಏನೋ.

ಅಲ್ಲಿಗೆ ನನಗೆ ಸಾಕಾಯಿತು. ಅಮ್ಮನನ್ನು ಅಲ್ಲೇ ಬಿಟ್ಟು ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಮೂವತ್ತೈದರ ಗಂಡಸು, ಮೃದು ಮಾತು. ನಾನು ಕೂಗಾಡಿದ್ದನ್ನೆಲ್ಲ "ಪುರಿಯುದಮ್ಮಾ, ಪುರಿಯುದು" ಎಂದು ಕೇಳಿಸಿಕೊಂಡ, ಅರ್ಥವಾಗುತ್ತಿದೆ ಎಂದು. ನೀರು ಕೊಟ್ಟ. ಆಮೇಲೆ ಬೀರುವಿನಿಂದ ಒಂದು ಕಾಗದ ತೆಗೆದು ಮುಂದಿಟ್ಟ. ಫೋಟೋ ಬಳಸಿಕೊಳ್ಳಲು ಒಪ್ಪಿಗೆ. ಕೆಳಗೆ ನನ್ನ ತಮ್ಮನ ಸಹಿ.

ಅಲ್ಲಿಂದಲೇ ಸಿದ್ದಮಲ್ಲಪ್ಪನಿಗೆ ಫೋನ್ ಹಚ್ಚಿದೆ. ಸಹಿ ಯಾಕೆ ಹಾಕಿದೆ ಎಂದು ಕೇಳಿದೆ.

"ಮಲೆಯ ಇರೀಕರ ಬೊಂಬೆ ಮಾಡ್ತೀವಿ, ಒಳ್ಳೆ ಪೋಟ ಕೊಡಿ ಅಂದ್ರು ಕಣಕ್ಕ," ಎಂದ. "ಇರೋದ್ರಲ್ಲಿ ಲಕ್ಷಣವಾಗಿರೋದು ಅದೊಂದೇಯ. ಅಪ್ಪನ್ನ ನಾಕ್ ಜನ ನೋಡ್ಲಿ ಅಂತ ನಾನೇ ಗೋಡೆಯಿಂದ ಇಳ್ಸಿ ಕೊಟ್ಟೆ. ಕೈಯೆಳುತ್ತು ಆಕುಸ್ಕಂಡ್ರು. ಆಮೇಕೆ ನೋಡಕ್ಕೋಗಿದ್ದೆ, ಬಾಗ್ಲಿಂದ್ಲೇ ವಾಪಸ್ ಬಂದ್ಬುಟ್ಟೆ. ಯಾರ್ಗೆ ಯೋಳ್ಲಿ?"

ನಾನೇ ಆಗಿದ್ದರೂ ಅದೇ ಫೋಟೋ ಕೊಡುತ್ತಿದ್ದೆ. ನಮಗೆ ಅದು ಅಪ್ಪನ ಮರ್ಯಾದೆಯ ಚಿತ್ರ. ಗೋಡೆಗೆ ಹಾಕಿರುವುದು ಹೆಣದ ಫೋಟೋ ಎಂದು ನಮಗೆ ಹೊಳೆದೇ ಇರಲಿಲ್ಲ. ಹೊರಗಿನಿಂದ ಬಂದವರಿಗೆ ನೋಡಿದ ತಕ್ಷಣ ಹೊಳೆದಿತ್ತು. ಬೈಯಬೇಕಾದವರನ್ನು ಹುಡುಕಿಕೊಂಡು ಇಷ್ಟು ದೂರ ಬಂದರೆ ಸಿಕ್ಕಿದ್ದು ನಾವೇ.

ಬೊಂಬೆ ತೆಗೆಯಲಾಗದು ಎಂದ ಮ್ಯಾನೇಜರ್. ಮಾಲೀಕರ ಸ್ವತ್ತು, ಜನ ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೇ ಅಂತೆ. ಬೇಕಾದರೆ ಈರೋಡಿನ ಕಲೆಕ್ಟರ್ ಆಫೀಸಿಗೆ ಹೋಗಿ ಮನು ಕೊಡಿ, ಅಂದರೆ ಅರ್ಜಿ, ವಿಚಾರಣೆ ಆಗಲಿ. ಇಲ್ಲದಿದ್ದರೆ ಇನ್ನೊಂದು ದಾರಿ ಇದೆ: ವಿಭೂತಿ ಒರೆಸಿ, ಲಿಂಗ ತೆಗೆದುಬಿಡುತ್ತೇವೆ, ಆಮೇಲೆ ಅದು ಯಾರೋ ಒಬ್ಬ ಮುದುಕ, ನಿಮ್ಮ ಜನದವರು ಅಂತ ಯಾರೂ ಹೇಳುವಂತಿಲ್ಲ.

ನಾನು ಯೋಚಿಸಿದೆ. ಈಗ ನಿಜ ಹೇಳಿಬಿಡುತ್ತೇನೆ. ಅಪ್ಪನ ಬಗ್ಗೆ ಯೋಚಿಸಲಿಲ್ಲ. ನಾಗಮಣಿಯ ಬಗ್ಗೆ, ಸಂಘದ ಹೆಂಗಸರ ಬಗ್ಗೆ, ನನ್ನ ಗಂಡನ ಮನೆಯವರ ಬಗ್ಗೆ ಯೋಚಿಸಿದೆ. ಈರೋಡೆಂದರೆ ಬೆಟ್ಟ ಇಳಿದು ಇಡೀ ದಿನದ ದಾರಿ, ಅದೂ ಎಷ್ಟು ಸಲವೋ. ಯಾರಿಗೂ ಗುರುತು ಸಿಗದಿದ್ದರೆ ಸಾಕು ಅನ್ನಿಸಿತು. ಇನ್ನು ಆಕ್ಷೇಪಣೆ ಇಲ್ಲ ಎಂದು ಬರೆದ ಕಾಗದಕ್ಕೆ ನಾನೂ ಸಹಿ ಹಾಕಿದೆ.

ಒಬ್ಬ ಕೆಲಸದವನು ಬಟ್ಟೆ, ಸ್ಕ್ರೂಡ್ರೈವರ್ ಹಿಡಿದು ಹಗ್ಗ ದಾಟಿದ. ಮೋಟರು ನಿಲ್ಲಿಸಿ, ಅಪ್ಪನ ಹಣೆ ಒರೆಸಿದ. ಲಿಂಗವನ್ನು ಗೋಂದು ಹಾಕಿ ಅಂಟಿಸಿದ್ದರು, ಸುಲಭಕ್ಕೆ ಬರಲಿಲ್ಲ. ಮೀಟಿದಾಗ ಎರಡು ಬೆರಳಿನ ತುದಿಯೂ ಕಿತ್ತು ಬಂತು. ಅಮ್ಮ ಎಲ್ಲವನ್ನೂ ನಿಂತು ನೋಡಿದಳು. ಲಿಂಗ ಕೊಡಿ ಎಂದು ಕೇಳಿದೆ, ಅದು ಬರೀ ಪ್ಲಾಸ್ಟಿಕ್ಕು ಎಂದು ಅವನು ಜೇಬಿಗೆ ಹಾಕಿಕೊಂಡ.

ಹೊರಗೆ ಬಂದಾಗ ಎರಡು ಗಂಟೆಯ ಬಿಸಿಲು. ಸ್ಟಾಪಿನಲ್ಲಿ ನೆರಳಿರಲಿಲ್ಲ. ಎದುರಿನ ಅಂಗಡಿಯಿಂದ ಎರಡು ಬನ್ನು ತಂದೆ, ಅಮ್ಮ ಬೇಡವೆಂದಳು. ಕಾಗದದ ವಿಷಯ, ತಮ್ಮನ ವಿಷಯ, ಈರೋಡಿನ ದೂರ ಎಲ್ಲ ವಿವರಿಸಿದೆ. ಇನ್ನು ಮೇಲೆ ಅದು ಅಪ್ಪ ಅಂತ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಆಗ ಅಮ್ಮ ಹೇಳಿದಳು.

"ಮಣ್ಣಲ್ಲಿ ಕೂರ್ಸಿದಾಗ ಅವರ ಕೈಲಿ ಲಿಂಗ ಇತ್ತು. ನಿನ್ ತಮ್ಮ ದಡ್ಡ, ಬೊಂಬೆ ಮಾಡುಸ್ದ, ಆಗ್ಲೂ ಇತ್ತು. ದೆವ್ವ ಮಾಡ್ದೋರೂ ಅದನ್ನ ಕೀಳ್ನಿಲ್ಲ ಕಣವ್ವ. ನೀನು ಬಂದು ಕೀಳ್ಸಿಬುಟ್ಟೆ."

ಬಸ್ಸು ಬಂತು. ಖಾಲಿ ಸೀಟು ಬೇಕಾದಷ್ಟಿದ್ದವು. ಅಮ್ಮ ಮುಂದೆ ಹೋಗಿ ಕೂತಳು, ನಾನು ಹಿಂದೆ ಕೂತೆ. ಊರಿನ ಸ್ಟಾಪು ಬಂದಾಗ ಬ್ಯಾಗು ಹೆಗಲಿಗೆ ಹಾಕಿಕೊಂಡು ನಾನೂ ಇಳಿಯಲು ಎದ್ದೆ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡುವುದು ಎಂದುಕೊಂಡಿದ್ದೆ. ಅಮ್ಮ ಮೆಟ್ಟಿಲಿಳಿಯುತ್ತಾ ತಿರುಗಿ, "ನೀನು ಕುಂತ್ಕೊ," ಎಂದಳು.

ಕೂತೆ. ಕಂಡಕ್ಟರು ತಾಳವಾಡಿಗೆ ಟಿಕೆಟ್ಟು ಹರಿದು ಕೊಟ್ಟ.