ನೆಲ ಬಿಡುವಾಗ ಕೇಳಿದ ಕನ್ನಡ

ವಿಮಾನ ನೆಲ ಬಿಡುವ ಹೊತ್ತಿಗೆ ಸರಿಯಾಗಿ ರಂಗಸಾಮಿ ಮಾಮನಿಗೆ ನಮ್ಮ ಮನೆಯ ಸಾರಿನ ನೆನಪಾಗುತ್ತಿತ್ತು. "ಅಮ್ಮಣಿ, ಇವತ್ತು ಮನೇಲಿ ಏನು ಕೊಳಂಬು?" ಎಂದು ಬಲಗಡೆಯ ಸೀಟಿನಿಂದ ಕೇಳುವರು. ಮೊದಲ ದಿನ ಉತ್ತರ ಕೊಡಲು ಅವರತ್ತ ತಿರುಗಿದೆ. ಅಷ್ಟರಲ್ಲಿ ವಿಮಾನದ ಮೂಗು ಮೇಲೆದ್ದು ವೇಗ ಇಳಿಯತೊಡಗಿತ್ತು. ಅವರೇ ಸರಿಪಡಿಸಿ, ಕೆಳಗಿಳಿದ ಮೇಲೆ ಚೆನ್ನಾಗಿ ಬೈದರು.

ಕೊಯಮತ್ತೂರಿನ ಹೊರಗೆ, ತೆಂಗಿನ ತೋಪುಗಳ ನಡುವಿನ ಚಿಕ್ಕ ರನ್‌ವೇಯಲ್ಲಿ ಅವರು ಹಾರಾಟ ಕಲಿಸುತ್ತಿದ್ದರು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಬೈಗುಳ ತಮಿಳಿನಲ್ಲಿ. ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಇಬ್ಬರೂ ಅಲ್ಲೇ ಹತ್ತಿರದ ನೆಗಮಂ ಊರಿನ, ಕನ್ನಡ ಮನೆಮಾತಿನ ನೇಕಾರರ ಮನೆಯವರಾದ್ದರಿಂದ ಅವರನ್ನು ಮಾಮ ಎನ್ನುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಮನೆಯಲ್ಲೂ ಆ ಮಾತಿಗೆ ಜೊತೆಯಿರಲಿಲ್ಲ. ನೆಲ ಬಿಡುವಾಗ ಬೇರೆ ಶಿಷ್ಯರ ಗಮನ ಕೆಡುತ್ತದೆಯೇ ಎಂದು ನೋಡಲು ಪೆನ್ನು ಬೀಳಿಸುವರು. ನನಗೆ ಮಾತ್ರ ಕನ್ನಡ.

"ಮನೆ ಮಾತಿಗೆ ತಲೆ ತಾನಾಗೇ ತಿರುಗ್ತದೆ. ಅದಕ್ಕೂ ತಿರುಗ್ದೆ ಇದ್ರೆ ನೀ ಬದುಕ್ತೀ" ಎನ್ನುತ್ತಿದ್ದರು. ಉತ್ತರ ಹೇಳಬೇಕಾದದ್ದು ಎತ್ತರಕ್ಕೇರಿದ ಮೇಲೆ, ಅವರು "ಈಗ ಹೇಳು" ಎಂದಾಗ.

ನನಗಿಂತ ಮೊದಲು ಅವರ ಶಿಷ್ಯನೊಬ್ಬ ಒಬ್ಬನೇ ಹಾರುವಾಗ, ಚಕ್ರ ನೆಲ ಬಿಟ್ಟ ಕೂಡಲೇ ಕದ ತೆರೆದುಕೊಂಡಿತಂತೆ. ಎಳೆದು ಮುಚ್ಚಲು ವಾಲಿದ. ವಿಮಾನ ತೋಪಿನಲ್ಲಿ ಬಿತ್ತು. ಹುಡುಗ ಉಳಿಯಲಿಲ್ಲ. "ಕದ ತೆರೆದ್ರೆ ಗಾಳಿ ಬರ್ತದೆ, ಸದ್ದಾಗ್ತದೆ. ಅಷ್ಟೇ ಅಲ್ವಾ ಅಮ್ಮಣಿ? ಹಂಗೇ ಬಿಟ್ಟಿದ್ರೆ ಆಗಿತ್ತು" ಎಂದು ತೋಪಿನ ಕಡೆ ನೋಡುತ್ತ ಹೇಳುತ್ತಿದ್ದರು.

ಒಮ್ಮೆ ನಾನೊಬ್ಬಳೇ ಮೇಲೇಳುವಾಗ ನನ್ನ ಬದಿಯ ಕದವೂ ಪಟಾರನೆ ತೆರೆದುಕೊಂಡಿತು. ಕೈ ಅತ್ತ ಹೊರಟೇಬಿಟ್ಟಿತ್ತು. ಆಗ ಕೊಳಂಬು ನೆನಪಾಯಿತು. ಮುಂದೆ ನೋಡುತ್ತಲೇ ಏರಿ, ಸುತ್ತು ಹಾಕಿ ಇಳಿದೆ. ಮಾಮ ಓಡಿಬಂದು ಕದ ಮುಚ್ಚಿದರು, ತೆರೆದು ಮತ್ತೆ ಮುಚ್ಚಿದರು. ಆಮೇಲೆ, "ಈಗ ಹೇಳು, ಏನು ಕೊಳಂಬು?" ಎಂದರು. ನನಗೆ ಅಳು ಬಂದುಬಿಟ್ಟಿತು.

ಹೋದ ವರ್ಷ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗಲೂ ಅದನ್ನೇ ಕೇಳಿದರು. ಅಭ್ಯಾಸಬಲ, ಸುಮ್ಮನೆ ನಿಂತಿದ್ದೆ. "ನೆಲದ ಮೇಲೇ ಇದೀವಿ ಅಮ್ಮಣಿ, ಹೇಳು" ಎಂದು ನಕ್ಕರು.

ಈಗ ಅದೇ ರನ್‌ವೇಯಿಂದ ಒಬ್ಬಳೇ ಹಾರುತ್ತೇನೆ. ನೆಲ ಬಿಡುವಾಗ ಪಕ್ಕದ ಸೀಟಿನಿಂದ ಯಾರೂ ಏನೂ ಕೇಳುವುದಿಲ್ಲ. ಅಂಥ ಒಂಟಿತನ ನನಗೆ ಬೇರೆಲ್ಲೂ ಅನಿಸಿಲ್ಲ. ಬಾಯಿ ಮುಚ್ಚಿಕೊಂಡು, ಮುಂದೆ ನೋಡುತ್ತ ಏರುತ್ತೇನೆ. ಎತ್ತರ ತಲುಪಿ ವಿಮಾನ ಸಮನಾದ ಮೇಲೆ, ಕೇಳದಿದ್ದರೂ ಹೇಳುತ್ತೇನೆ:

"ನುಗ್ಗೆಕಾಯಿ ಕೊಳಂಬು, ಮಾಮ."