ಮಿಂಚುಳ್ಳಿಯ ಬಿಲದೆದುರು ನೆಟ್ಟ ಕೋಲು

ಶಾಲೆಯ ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಅವಳು ಎಲ್ಲರಿಗೂ ಟೈಲರಕ್ಕ. ವಾರವಿಡೀ ಕಾಲರು, ಕಾಜ, ಗುಂಡಿ. ಭಾನುವಾರ ಮಾತ್ರ ಬೆಳಕು ಹರಿಯುವ ಮೊದಲೇ ಗಂಡನ ಅಕ್ಕನ ಜೊತೆ ಹಕ್ಕಿ ನೋಡಲು ಹೊರಟುಬಿಡುವಳು. "ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ಬೇಕು, ಕಾಲುವೆ ಆಚೆಯ ಹಕ್ಕಿ ಮಾತ್ರ ಬರಿಗಣ್ಣಿಗೇ ಕಾಣತ್ತೆ!" ಎಂದು ಗಂಡ ಕಾಲೆಳೆಯುತ್ತಿದ್ದ.

ಈ ಹುಚ್ಚು ಹಿಡಿಸಿದವಳೇ ಅತ್ತಿಗೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾತಿಗೆ ಜನವಿಲ್ಲದೆ ಮಂಕಾಗಿ ಕೂತಿದ್ದವಳನ್ನು ಕೈ ಹಿಡಿದು ಕರೆದೊಯ್ದಿದ್ದಳು. "ಗೂಡು ಕಂಡ್ರೆ ಬಾಯಿಗೆ ಬೀಗ. ದೇವರೇ ಕೇಳಿದ್ರೂ ಹೇಳಬಾರದು." ಅದು ಮೊದಲ ಪಾಠ.

ಬೇಸಿಗೆ ಮುಗಿಯುತ್ತ ಬಂದಿತ್ತು. ರಾತ್ರಿಯ ಮಳೆಗೆ ಕಾಲುವೆಯ ದಾರಿ ಪಿಚಪಿಚ ಅನ್ನುತ್ತಿತ್ತು. ಬೆಳಗಿನ ಸೆಕೆಗೆ ಬಟ್ಟೆ ಬೆನ್ನಿಗಂಟಿತ್ತು. ಹೋದ ವಾರ ದಂಡೆಯ ಮಣ್ಣಿನಲ್ಲಿ ಮಿಂಚುಳ್ಳಿಯ ಬಿಲ ಕಂಡಿದ್ದರು. ಒಳಗಿನಿಂದ ಮರಿಗಳ ಸದ್ದು. ಗೊತ್ತಿದ್ದದ್ದು ಅವರಿಬ್ಬರಿಗೇ.

ತಿರುವು ದಾಟಿದ ಟೈಲರಕ್ಕ ನಿಂತೇಬಿಟ್ಟಳು. ಪೊದೆಯನ್ನು ಸವರಿಹಾಕಿದ್ದರು. ಬಿಲದ ಎದುರಿಗೇ ಒಂದು ಕೋಲು ನೆಟ್ಟಿದ್ದರು. ಹಕ್ಕಿ ಅದರ ಮೇಲೆ ಕೂತರೆ ಚಿತ್ರ ಚೆನ್ನಾಗಿ ಬರುತ್ತದೆಂಬ ಲೆಕ್ಕ. ದಂಡೆಯ ಮೇಲೆ ಸಾಲಾಗಿ ಕ್ಯಾಮೆರಾಗಳು. ತಾಯಿ ಹಕ್ಕಿ ಕೊಕ್ಕಿನಲ್ಲಿ ಮೀನು ಕಚ್ಚಿಕೊಂಡು ಬಿಲದವರೆಗೆ ಬರುವುದು, ಬೆದರಿ ತಂತಿಯ ಮೇಲೆ ಹೋಗಿ ಕೂರುವುದು.

ಕ್ಯಾಮೆರಾದವನೊಬ್ಬ ಅತ್ತಿಗೆಯನ್ನು ನೋಡಿ ಹಲ್ಲು ಬಿಟ್ಟ. "ಬನ್ನಿ ಮೇಡಂ! ನೀವು ಹೇಳಿದ ಜಾಗ ಕರೆಕ್ಟಾಗಿ ಸಿಕ್ತು."

ಟೈಲರಕ್ಕ ಗಕ್ಕನೆ ಅವಳತ್ತ ತಿರುಗಿದಳು. "ನೀವಾ, ಅತ್ತಿಗೆ?"

"ಕೂಗಾಡಬೇಡ. ಪ್ರದರ್ಶನದಲ್ಲಿ ಚಿತ್ರದ ಕೆಳಗೆ ನನ್ನ ಹೆಸರೂ ಹಾಕ್ತಾರಂತೆ. ಇಷ್ಟು ವರ್ಷ ಕೆಸರು ತುಳಿದ್ನಲ್ಲ, ಯಾರು ನನ್ನ ಕೇಳಿದ್ರು ಹೇಳು?"

"ಒಳಗೆ ಮರಿಗಳು ಹಸಿದಿವೆ."

"ಒಂದು ಹೊತ್ತು ತಡ ಆದ್ರೆ ಸಾಯಲ್ಲ, ಸುಮ್ನಿರೇ."

ಟೈಲರಕ್ಕ ಚಪ್ಪಲಿ ಕಳಚಿ ಕೆಳಗಿಳಿದಳು.

"ಅಯ್ಯೋ, ಅಡ್ಡ ಬರ್ತಿದ್ದೀರಮ್ಮ!" ಕ್ಯಾಮೆರಾದವನು ಕೂಗಿದ.

"ಬಂದೆ. ನನ್ನದೂ ಒಂದು ತೆಗೀರಿ. ಕೋಲು ಕಿತ್ತ ಹೆಂಗಸು ಅಂತ ಕೆಳಗೆ ಬರೀರಿ."

ಕೋಲು ಕಿತ್ತು ನೀರಿಗೆಸೆದಳು. ಮೇಲೆ ಹತ್ತಿ ಬಂದು ಕ್ಯಾಮೆರಾಗಳ ಮುಂದೆ ಕಂಬದಂತೆ ನಿಂತಳು. ಅವರು ಗೊಣಗುತ್ತ ಸಾಮಾನು ಕಟ್ಟಿದರು. ಅತ್ತಿಗೆ ತಪ್ಪಾಯಿತೆಂದು ಹೇಳುತ್ತ ಹಿಂದೆಯೇ ಹೋದಳು. ಟೈಲರಕ್ಕನಿಗಲ್ಲ, ಅವರಿಗೆ.

ಅವರನ್ನು ಕಳಿಸಿ ಅತ್ತಿಗೆ ವಾಪಸು ಬಂದ ಮೇಲೆ, ದೂರದ ಮರದ ಮರೆಯಿಂದ ಇಬ್ಬರೂ ಕಾದರು. ಬಹಳ ಹೊತ್ತಿನ ಮೇಲೆ ಹಕ್ಕಿ ಸುಯ್ಯನೆ ಬಿಲದೊಳಗೆ ನುಗ್ಗಿತು. ಹೊರಬಂದಾಗ ಕೊಕ್ಕು ಖಾಲಿ.

"ನೋಡು, ಎಲ್ಲಾ ಸರಿಹೋಯ್ತಲ್ಲ," ಎನ್ನುತ್ತ ಅತ್ತಿಗೆ ಅವಳ ಹೆಗಲ ಮೇಲೆ ಕೈಯಿಟ್ಟಳು.

ಟೈಲರಕ್ಕ ಆ ಕೈಯನ್ನು ಮೆಲ್ಲಗೆ ಇಳಿಸಿದಳು. "ಹಕ್ಕಿಗೆ ಸರಿಹೋಯ್ತು, ಅತ್ತಿಗೆ."

ಈಗ ಭಾನುವಾರ ಅವಳು ಒಬ್ಬಳೇ ಹೊರಡುತ್ತಾಳೆ, ಬೇರೆ ದಾರಿಯಲ್ಲಿ. ಏನು ಕಂಡೆ ಎಂದು ಅತ್ತಿಗೆ ಕೇಳಿದರೆ, "ಕಾಗೆ" ಅನ್ನುತ್ತಾಳೆ.