ಮದ್ರಾಸಿನ ನಡುಹಗಲ ನೆರಳು

ಮದ್ರಾಸಿಗೆ ಬಂದ ಹೊಸತರಲ್ಲಿ ನನ್ನ ಕೈಗಡಿಯಾರ ಕೆಟ್ಟಿದೆ ಎಂದುಕೊಂಡಿದ್ದೆ. ಉಡುಪಿಯಲ್ಲಿ ಹನ್ನೆರಡೂವರೆಯ ಹೊತ್ತಿಗೆ ನೆತ್ತಿಗೇರುತ್ತಿದ್ದ ಸೂರ್ಯ ಇಲ್ಲಿ ಇಪ್ಪತ್ತು ನಿಮಿಷ ಮೊದಲೇ ಏರಿರುತ್ತಿದ್ದ. ಗಡಿಯಾರ ಸರಿಯಾಗಿತ್ತು, ನಾನೇ ಪೂರ್ವಕ್ಕೆ ಸರಿದಿದ್ದೆ. ತ್ರಿಪ್ಲಿಕೇನಿನ ಒಂದು ಕೋಣೆಯ ಮನೆ, ನೀರಿನ ಸರದಿ, ಕುಚ್ಚಲಕ್ಕಿಯಿಲ್ಲದ ಊಟ, ಎಲ್ಲಕ್ಕೂ ಒಗ್ಗಿಕೊಂಡೆ. ಒಗ್ಗದೆ ಉಳಿದದ್ದು ಶಾಲೆ.

ಅಲ್ಲಿ ನಾನು ವಿಜ್ಞಾನದ ಟೀಚರು. ನಡುಹಗಲಿನ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ ಎಂದು ಪಠ್ಯಪುಸ್ತಕದಲ್ಲಿತ್ತು. ಉತ್ತರದ ಚಳಿದೇಶದವರಿಗೆ ಅದು ನಿಜ. ಉಡುಪಿಯಲ್ಲಾಗಲಿ ಮದ್ರಾಸಿನಲ್ಲಾಗಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ; ನೆರಳು ದಕ್ಷಿಣಕ್ಕೆ. ಜುಲೈಯಲ್ಲಿ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಕೋಲು ನೆಡಿಸಿದೆ. ನೆರಳಿಗೆ ಗುರುತು ಹಾಕಿದವಳು ಸುಮತಿ, ಕುಂದಾಪುರದಿಂದ ಬಂದ ಹೋಟೆಲ್ ಅಡುಗೆಯವರ ಮಗಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವವಳು. ಹೆಡ್‌ಮಾಸ್ಟರನ್ನೂ ಕರೆದಿದ್ದೆ. "ಪುಸ್ತಗತ್ತಿಲೇ ಇರುಕ್ಕು," ಪುಸ್ತಕದಲ್ಲಿದೆಯಲ್ಲ, ಎಂದು ಕೊಡೆ ಬಿಚ್ಚಿ ಊಟಕ್ಕೆ ನಡೆದರು.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಸುಮತಿ, ಜುಲೈಯಲ್ಲಿ ನೆರಳು ದಕ್ಷಿಣಕ್ಕೆ ಎಂದು ಬರೆದಳು. ನಾನು ಕೊಟ್ಟ ಅಂಕವನ್ನು ಹೆಡ್‌ಮಾಸ್ಟರು ಹೊಡೆದುಹಾಕಿದರು. ನಾನು ಜಗಳವಾಡಿದ ಮೇಲೆ ಅಂಗಳಕ್ಕೆ ಬಂದರು. ಅಷ್ಟರಲ್ಲಿ ಸೂರ್ಯ ನೆತ್ತಿ ದಾಟಿ ದಕ್ಷಿಣಕ್ಕೆ ಮರಳಿದ್ದ. ನೆರಳು ಉತ್ತರಕ್ಕೇ ಬಿದ್ದಿತ್ತು. ಅವರು ನಕ್ಕರು. ನಾನು ವಿವರಿಸಹೋದರೆ ಕೈಯೆತ್ತಿ ತಡೆದರು. ನೋಡಿದ್ದು ತಪ್ಪು ಎಂದು ಹುಡುಗಿ ತರಗತಿಯೆದುರು ಹೇಳಬೇಕು. ಇಲ್ಲವಾದರೆ ಬರುವ ಜೂನಿನಿಂದ ಅವಳಿಗೆ ವಿಜ್ಞಾನವಿಲ್ಲ, ಹೊಲಿಗೆ ವಿಭಾಗ ಎಂದರು.

ಅವಳ ಅಪ್ಪ ನನ್ನಲ್ಲಿಗೆ ಓಡಿಬಂದರು. "ನೆರಳು ಎತ್ತ ಬೇಕಾದ್ರೂ ಬೀಳ್ಲಿ ಟೀಚರೇ, ಮಾರ್ಕು ಎತ್ತ ಉಂಟೋ ಅತ್ತ ಬರೀಲಿಕ್ಕೆ ಇವಳಿಗೇನು ಕಷ್ಟ?" ಎಂದು ನಗಲು ನೋಡಿದರು, ಆಗಲಿಲ್ಲ.

ಮರುದಿನ ಹೆಡ್‌ಮಾಸ್ಟರು ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಬೆರಳುಗಳು ಡೆಸ್ಕಿನ ಅಂಚನ್ನು ಹಿಡಿದಿದ್ದವು.

"ನಾನ್ ಪಾತ್ತೇನ್ ಸಾರ್." ನಾನು ಕಂಡೆ ಸಾರ್, ಎಂದಳು, ಅಷ್ಟೇ.

ಅವಳ ಹೆಸರು ಹೊಲಿಗೆ ವಿಭಾಗಕ್ಕೆ ಹೋಯಿತು. ಎದುರುತ್ತರ ಕಲಿಸಿದ್ದೇನೆಂದು ನನಗೂ ಎಚ್ಚರಿಕೆ ಬಂತು. ಕಣ್ಣಿದ್ದದ್ದೇ ಅಪರಾಧವಾದರೆ ವಿಜ್ಞಾನದ ಪಾಠ ಯಾಕೆ? ಮಕ್ಕಳಿಗೆ ಪುಸ್ತಕ ಕಂಠಪಾಠ ಮಾಡಿಸಲು ಟೀಚರೇ ಬೇಕಾಗಿಲ್ಲ.

ಊರಿನ ಶಾಲೆಯಲ್ಲಿ ಜಾಗ ಖಾಲಿಯಿದೆ, ಜೂನಿಗೆ ಬಂದುಬಿಡು ಎಂದು ಅಪ್ಪಯ್ಯ ಬರೆದಿದ್ದಾರೆ. ಓದಿದ ಕೂಡಲೇ ಟ್ರಂಕನ್ನು ಕೆಳಗಿಳಿಸಿದೆ, ಅಷ್ಟು ಆಸೆ. ಈ ಊರು ನನ್ನದೆಂದು ಒಂದು ದಿನವೂ ಅನ್ನಿಸಿಲ್ಲ. ಆದರೆ ಜುಲೈಯ ನಡುಹಗಲಿನಲ್ಲಿ ಆ ಮನುಷ್ಯನನ್ನು ಸುಮತಿಯ ಪಕ್ಕ ನಿಲ್ಲಿಸಿ ನೆರಳು ತೋರಿಸುವವರು ಇಲ್ಲಿ ಬೇರೆ ಯಾರೂ ಇಲ್ಲ. ಈ ವರ್ಷ ಬರಲಾರೆ ಎಂದು ಅಪ್ಪಯ್ಯನಿಗೆ ಬರೆದೆ. ಟ್ರಂಕನ್ನು ಮಾತ್ರ ಇನ್ನೂ ಮೇಲಿಟ್ಟಿಲ್ಲ.